ಮುದ್ದೆಯೊಳಗಿನ ಗಂಟು

ಎಲ್ಲ ಅನಾಹುತಕ್ಕೂ ಕಾರಣ ಚಿತ್ತಯ್ಯ ಹೇಳಿದ ಒಂದು ‘ಹ್ಞೂಂ’. ಅದನ್ನು ಮಾತು ಎಂದು ಕರೆಯುವುದೂ ಕಷ್ಟ. ಮೂಗಿನಿಂದ ಹೊರಬಿದ್ದ ಒಂದಿಷ್ಟು ಗಾಳಿ, ಅಷ್ಟೇ. ಆದರೆ ಆ ಗಾಳಿ ನೋಡನೋಡುತ್ತಿದ್ದಂತೆ ಹಿರಿಯೂರಿನ ತುಂಬ ಫ್ಲೆಕ್ಸುಗಳಾಗಿ ಎದ್ದು ನಿಂತಿತು.

ಚಿತ್ತಯ್ಯನಿಗೆ ಸಿರಿಧಾನ್ಯ ಬೆಳೆಗಾರರ ಸಂಘವೊಂದರಲ್ಲಿ ಕೆಲಸ. ಊರೂರು ತಿರುಗಿ ನವಣೆ, ಸಾಮೆ, ರಾಗಿಯ ಗುಣಗಾನ ಮಾಡುವುದಕ್ಕೇ ಅವನಿಗೆ ಸಂಬಳ. ಹೋದ ವರ್ಷ ಅವನ ಹೊಟ್ಟೆ ಎಷ್ಟು ಮುಂದೆ ಬಂದಿತ್ತೆಂದರೆ, ಅವನು ಬಸ್ಸು ಹತ್ತಿದರೆ ಹೊಟ್ಟೆಗೂ ಒಂದು ಟಿಕೆಟ್ ಹರಿಯಬೇಕೇನೋ ಎಂದು ಕಂಡಕ್ಟರ್ ಅರೆಕ್ಷಣ ಯೋಚಿಸುತ್ತಿದ್ದ. ಆಗ ಮೊಬೈಲಿನಲ್ಲಿ ದಪ್ಪ ತೋಳಿನ ಯಾರೋ ಒಬ್ಬ ಪ್ರತ್ಯಕ್ಷನಾಗಿ ಉಪದೇಶ ಮಾಡಿದ: ಧಾನ್ಯ ಬಿಡು, ಮಾಂಸ ಹಿಡಿ. ಅನ್ನ, ಮುದ್ದೆ, ರೊಟ್ಟಿ ಯಾವುದೂ ಕೂಡದು. ಮಟನ್, ಮೊಟ್ಟೆ, ಬೆಣ್ಣೆ ಎಷ್ಟಾದರೂ ಆದೀತು.

ಸಿರಿಧಾನ್ಯದ ಸಂಬಳ ಪಡೆಯುವವನು ಧಾನ್ಯವನ್ನೇ ಬಿಟ್ಟ ಎಂಬುದು ಹೊರಗೆ ಗೊತ್ತಾದರೆ ಕೆಲಸ ಉಳಿದೀತೆ? ಹಾಗಾಗಿ ಚಿತ್ತಯ್ಯ ಫಜಲುಲ್ಲಾನ ಮಟನ್ ಹೋಟೆಲಿನ ಹಿಂಬದಿಯ ಕೋಣೆಯಲ್ಲಿ, ಗೋಡೆಗೆ ಮುಖ ಮಾಡಿ ಕೂತು, ಚಾಪ್ಸು ಕೈಮಾ ತಿನ್ನತೊಡಗಿದ. ಹೆಂಡತಿ ಅನುಸೂಯಳಿಗೂ ಹೇಳಲಿಲ್ಲ. ತಿರುಗಾಟದ ನೆಪ ಹೇಳಿ ಮೂರು ಹೊತ್ತಿನ ಊಟವನ್ನೂ ಡಬ್ಬಿಗೇ ಹಾಕಿಸಿಕೊಳ್ಳುತ್ತಿದ್ದ. ಅವಳು ದಿನವೂ ಸ್ಟೀಲ್ ಡಬ್ಬಿಯಲ್ಲಿ ನವಣೆ ಉಪ್ಪಿಟ್ಟು ಕಟ್ಟಿ ಕಳಿಸುತ್ತಿದ್ದಳು. ಅದನ್ನು ಚೆಲ್ಲಲು ಅವನಿಗೆ ಮನಸ್ಸು ಬರುತ್ತಿರಲಿಲ್ಲ. ಹೋಟೆಲಿನ ಹಿತ್ತಿಲಲ್ಲಿ ಫಜಲುಲ್ಲಾ ಒಂದು ಟಗರುಮರಿ ಕಟ್ಟಿದ್ದ. ಡಬ್ಬಿಯ ಮುಚ್ಚಳ ‘ಟಕ್’ ಎಂದರೆ ಸಾಕು, ಮರಿ ಹಗ್ಗ ಜಗ್ಗಿಕೊಂಡು ಬಂದು ಮೂತಿ ಒಳಗಿಡುತ್ತಿತ್ತು. ಸಂಜೆ ಡಬ್ಬಿ ತೊಳೆಯುವಾಗ ಅನುಸೂಯಳಿಗೆ ಸಂತೋಷವೋ ಸಂತೋಷ: ಒಂದು ಕಾಳೂ ಬಿಟ್ಟಿಲ್ಲ!

ನಾಲ್ಕು ತಿಂಗಳಲ್ಲಿ ಚಿತ್ತಯ್ಯ ಕರಗಿದ. ಸಂಘದ ಅಧ್ಯಕ್ಷ ಎರ್ರಿಸ್ವಾಮಿ ಒಂದು ದಿನ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿ, “ಲೇ ಚಿತ್ತಯ್ಯ, ಹುಡುಗ ಆಗ್ಬಿಟ್ಟೀಯಲ್ಲೋ! ನವಣೆ ತಾನೆ?” ಎಂದ.

“ಹ್ಞೂಂ.”

ಅಷ್ಟೇ ಆದದ್ದು. ಮರುವಾರ ಫ್ಲೆಕ್ಸು ಬಂತು. ಎಡಕ್ಕೆ ಹೊಟ್ಟೆಯಿದ್ದ ಚಿತ್ತಯ್ಯ, ಬಲಕ್ಕೆ ಹೊಟ್ಟೆಯಿಲ್ಲದ ಚಿತ್ತಯ್ಯ, ನಡುವೆ ಬಾಗಿದ ನವಣೆ ತೆನೆ. ಕೆಳಗೆ: ‘ನವಣೆ ತಂದ ನವಯೌವನ!’ ಅದನ್ನು ನಂಬಿ ಅನುಸೂಯಳೂ ಮೂರು ಹೊತ್ತು ನವಣೆಯನ್ನೇ ತಿಂದಳು. ಅವಳ ತೂಕ ಮಾತ್ರ ಇದ್ದಲ್ಲೇ ಇತ್ತು. “ನನ್ನ ಮೈಯೇ ಸರಿ ಇಲ್ಲ ಬಿಡ್ರಿ” ಎಂದು ತನ್ನನ್ನೇ ಬೈದುಕೊಂಡಾಗ ಮಾತ್ರ ಚಿತ್ತಯ್ಯನಿಗೆ ಒಳಗೆ ಎಲ್ಲೋ ಮುಳ್ಳು ಆಡುತ್ತಿತ್ತು.

ಇನ್ನೊಂದು ಮುಳ್ಳೂ ಇತ್ತು. ಮುದ್ದೆ.

ಸಂಜೆ ಬೀದಿಯ ಯಾವುದೋ ಮನೆಯಿಂದ ಬೇಯುವ ರಾಗಿಯ ವಾಸನೆ ಬಂದರೆ ಅವನ ಕಾಲು ತಾನಾಗಿಯೇ ನಿಧಾನವಾಗುತ್ತಿತ್ತು. ಹುಟ್ಟೂರು ತಾಳ್ಯದ ಆ ಹಳೆಯ ಅಡುಗೆಮನೆ ಕಣ್ಣಮುಂದೆ ಬರುತ್ತಿತ್ತು. ಅವನವ್ವ ಕಾಳಕ್ಕ ಮಡಕೆ ಅಲುಗದಂತೆ ಕವೆಕೋಲನ್ನು ಕಾಲಲ್ಲಿ ಅದುಮಿ ಹಿಡಿದು ಹಿಟ್ಟು ತೊಳಸುತ್ತಿದ್ದಳು. ಆವಿ ಅವಳ ಮುಖ ಮುಚ್ಚುತ್ತಿತ್ತು. ಬಳೆಗಳ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಕೈಗೆ ನೀರು ಮುಟ್ಟಿಸಿಕೊಂಡು, ಉಫ್ ಉಫ್ ಎಂದು ಊದಿಕೊಳ್ಳುತ್ತ, ಮುದ್ದೆ ಕಟ್ಟಿ ತಟ್ಟೆಗಿಟ್ಟು ಹೆಬ್ಬೆರಳಿನಿಂದ ನಡುವೆ ಒಂದು ಗುಳಿ ಮಾಡುವಳು. ಆ ಗುಳಿಗೆ ಸಾರು.

ಒಮ್ಮೆ ಬಿದ್ದು ಅವಳ ಬಲಗೈ ಸೋತಿತ್ತು. ಹಾಗಾಗಿ ಎಷ್ಟು ತೊಳಸಿದರೂ ಮುದ್ದೆಯೊಳಗೆ ಎಲ್ಲೋ ಒಂದು ಹಸಿಹಿಟ್ಟಿನ ಗಂಟು ಉಳಿದುಬಿಡುತ್ತಿತ್ತು. “ಅವ್ವಾ, ಗಂಟು!” ಎಂದು ಚಿತ್ತಯ್ಯ ಮುಖ ಸಿಂಡರಿಸಿದರೆ ಅವಳ ಉತ್ತರ ಸಿದ್ಧವಾಗಿರುತ್ತಿತ್ತು:

“ಗಂಟು ಸಿಕ್ತಾ? ಪುಣ್ಯವಂತ ಕಣೋ ನೀನು. ಇವತ್ತು ನಿನಗೆ ಏನೋ ಒಂದು ಗಂಟು ಸಿಗ್ತೈತೆ ನೋಡ್ತಿರು.”

ಅದನ್ನು ನಂಬಿ ಅವನು ಶಾಲೆಯ ದಾರಿಯುದ್ದಕ್ಕೂ ನೆಲ ನೋಡಿಕೊಂಡೇ ನಡೆಯುತ್ತಿದ್ದ. ಒಂದು ಸಲ ಅಂಗಿಯ ಗುಂಡಿ ಸಿಕ್ಕಿತ್ತು. ಇನ್ನೊಂದು ಸಲ ಎತ್ತಿನ ಕೊರಳಿನಿಂದ ಬಿದ್ದ ಗೆಜ್ಜೆ. ಅವ್ವ ಹೋಗಿ ಎಷ್ಟೋ ವರ್ಷಗಳಾದವು. ಅನುಸೂಯಳ ಮುದ್ದೆ ಬಾಲ್ ಬೇರಿಂಗಿನ ಹಾಗೆ. ಗಂಟು ಹುಡುಕಿದರೂ ಸಿಗದು.

ಫ್ಲೆಕ್ಸು ಬಂದು ಮೂರು ತಿಂಗಳಾಗುವ ಹೊತ್ತಿಗೆ, ಒಂದು ಭಾನುವಾರ, ಹೊಸದುರ್ಗದಲ್ಲಿ ಸಂಘದ ಮೇಳ. ಚಿತ್ತಯ್ಯನಿಗೆ ಸನ್ಮಾನ. ವೇದಿಕೆಯ ಮೇಲೆ ಅವನ ರಕ್ತಪರೀಕ್ಷೆಯ ರಿಪೋರ್ಟನ್ನೂ ಓದಿಬಿಡೋಣ, ನವಣೆಯ ಮಹಿಮೆ ಜನಕ್ಕೆ ಗೊತ್ತಾಗಲಿ ಎಂಬುದು ಎರ್ರಿಸ್ವಾಮಿಯ ಆಲೋಚನೆ. ಪಕ್ಕದ ಮನೆಯ ಉಷಾರಾಣಿ ಒಂದು ಲ್ಯಾಬಿನಲ್ಲಿ ಕೆಲಸಕ್ಕಿದ್ದವಳು. ಹಿಂದಿನ ದಿನ ಅವಳೇ ರಕ್ತ ತೆಗೆದುಕೊಂಡು ಹೋಗಿದ್ದಳು. ಬೆಳಿಗ್ಗೆ ಚಿತ್ತಯ್ಯ ಅಂಗಳದಲ್ಲಿ ನಿಂತು ಮೀಸೆ ಕತ್ತರಿಸಿಕೊಳ್ಳುತ್ತಿದ್ದಾಗ ಕಾಂಪೌಂಡ್ ಗೋಡೆಯ ಮೇಲೆ ಅವಳ ತಲೆ ಎದ್ದಿತು.

“ಚಿತ್ತಯ್ಯಣ್ಣಾ! ಕೊಲೆಸ್ಟ್ರಾಲು ಮುನ್ನೂರ ಹನ್ನೆರಡು!”

ಎಸ್ಸೆಸ್ಸೆಲ್ಸಿ ಫಲಿತಾಂಶ ಸಾರುವ ದನಿ. ಕತ್ತರಿ ಜಾರಿ ಎಡಮೀಸೆ ಅರ್ಧ ಹೋಯಿತು. ಎದುರುಮನೆಯ ಮುದುಕಿ ಏಕನಾಥಮ್ಮ ಜಗುಲಿಯಿಂದಲೇ ಕೇಳಿದಳು: “ಎಷ್ಟಕ್ಕೆ ಮುನ್ನೂರ ಹನ್ನೆರಡು?”

“ಇನ್ನೂರಕ್ಕೆ ಅಜ್ಜಿ.”

“ಇನ್ನೂರಕ್ಕೆ ಮುನ್ನೂರ ಹನ್ನೆರಡು ತಗಂಡಾನಾ! ಮೊದ್ಲಿಂದ್ಲೂ ಜಾಣ ಬಿಡು ಅವನು.”

“ಜಾಸ್ತಿ ಬರಬಾರ್ದು ಅಜ್ಜಿ, ಹಾರ್ಟಿಗೆ ತೊಂದ್ರೆ” ಎಂದ ಉಷಾರಾಣಿ ಗಲ್ಲಕ್ಕೆ ಬೆರಳಿಟ್ಟು ಯೋಚಿಸಿದಳು. “ಅಲ್ಲಾ, ಅಣ್ಣ ನವಣೆ ಬಿಟ್ಟು ಬೇರೆ ಏನೂ ಮುಟ್ಟಲ್ಲ. ಮತ್ತೆಲ್ಲಿಂದ ಬಂತು? ಅಂದ್ರೆ... ನವಣೆಯಿಂದ್ಲೇ!”

“ಹಂಗೇನೂ ಇಲ್ಲಮ್ಮ...” ಎಂದು ಚಿತ್ತಯ್ಯ ಬಾಯಿ ತೆರೆಯುವಷ್ಟರಲ್ಲಿ ಅನುಸೂಯ ಹೊರಗೆ ಬಂದಿದ್ದಳು. ಅವಳ ಕೈಯಲ್ಲಿ ನವಣೆ ಉಪ್ಪಿಟ್ಟಿನ ಡಬ್ಬಿ ಇತ್ತು.

ಉಷಾರಾಣಿಗೆ ಜನರ ಆರೋಗ್ಯದ ಬಗ್ಗೆ ನಿಜವಾದ ಕಾಳಜಿ. ಸಂಘದ ಜೀಪು ಇವರನ್ನು ಕೂರಿಸಿಕೊಂಡು ಹೊಸದುರ್ಗ ಮುಟ್ಟುವ ಮೊದಲೇ ಅವಳ ಎಚ್ಚರಿಕೆಯ ಸಂದೇಶ ಎಲ್ಲರ ಮೊಬೈಲು ಮುಟ್ಟಿತ್ತು. ಮೇಳದ ಮಳಿಗೆಗಳ ಮುಂದೆ ಜನ ಕೊಂಡ ನವಣೆಯನ್ನು ವಾಪಸು ಕೊಡಲು ಸಾಲುಗಟ್ಟಿದ್ದರು.

“ಇದನ್ನ ತಿಂದ್ರೆ ರಕ್ತ ತುಪ್ಪ ಆಗ್ತೈತಂತೆ!”

“ಆ ಫ್ಲೆಕ್ಸಿನಲ್ಲಿರೋ ಮನುಷ್ಯ ಆಸ್ಪತ್ರೆ ಸೇರ್ಯಾನಂತೆ!”

ಅರ್ಧ ಮೀಸೆಯ ಚಿತ್ತಯ್ಯನನ್ನು ಯಾರೂ ಗುರುತಿಸಲಿಲ್ಲ. ಎರ್ರಿಸ್ವಾಮಿ ಮಾತ್ರ ಓಡಿಬಂದು ಅವನ ರಟ್ಟೆ ಹಿಡಿದ.

“ಮುನ್ನೂರ ಹನ್ನೆರಡೇನೋ! ಸಂಘದ ಮಾನ ನಿನ್ನ ಕೈಯಾಗೈತೆ. ನಿಜ ಹೇಳು, ನೀನು ತಿಂದಿದ್ದು ನವಣೆನೇ ತಾನೆ?”

ಹೇಳಿಬಿಡಬಹುದಿತ್ತು. ಹೇಳಿದರೆ ನವಣೆ ನಿರಪರಾಧಿಯಾಗುತ್ತಿತ್ತು. ಆದರೆ ಚಿತ್ತಯ್ಯನಿಗೆ ಕೆಲಸವೂ ಇರುತ್ತಿರಲಿಲ್ಲ, ಹೆಂಡತಿಗೆ ತೋರಿಸಲು ಮುಖವೂ ಇರುತ್ತಿರಲಿಲ್ಲ. ಅನುಸೂಯ ಡಬ್ಬಿಯ ಚೀಲವನ್ನು ಎದೆಗವಚಿಕೊಂಡು, ಗಂಡನ ಹೃದಯ ಈಗಲೋ ಆಗಲೋ ನಿಲ್ಲುತ್ತದೆಂಬಂತೆ ಅವನನ್ನೇ ನೋಡುತ್ತಿದ್ದಳು.

“ಹ್ಞೂಂ” ಎಂದ ಚಿತ್ತಯ್ಯ.

“ಹಂಗಾದ್ರೆ ಸ್ಟೇಜ್ ಹತ್ತು. ಮುದ್ದೆ ಉಣ್ಣೋ ಪಂದ್ಯ ಈಗ್ಲೇ ಶುರು. ನೀನು ಹೆದರದಂಗೆ ಉಂಡ್ರೆ ಜನರ ಹೆದರಿಕೆ ತಾನಾಗೇ ಹೋಗ್ತೈತೆ.”

ಧಾನ್ಯ ಮುಟ್ಟದ ಏಳು ತಿಂಗಳ ವ್ರತ. ಒಂದೇ ಒಂದು ತುತ್ತು ನುಂಗಿ ಕೈ ತೊಳೆದುಬಿಡುತ್ತೇನೆ ಎಂದು ಚಿತ್ತಯ್ಯ ವೇದಿಕೆ ಹತ್ತಿದ. ಆಗಲೇ ಐದಾರು ಗಟ್ಟಿಗರು ಚಕ್ಕಂಬಕ್ಕಲ ಹಾಕಿ ಕೂತಿದ್ದರು. ಬಡಿಸುತ್ತಿದ್ದ ಹೆಂಗಸು “ಕುಂತ್ಕಳ್ರಿ ಸಾರ್” ಎಂದು ತಟ್ಟೆಗೆ ಮುದ್ದೆ ಇಟ್ಟು, ಹುರುಳಿ ಬಸ್ಸಾರು ಸುರಿದಳು. ಆವಿ ಮುಖಕ್ಕೆ ಬಡಿಯಿತು.

ಮೊದಲ ತುತ್ತು ಗಂಟಲಲ್ಲಿ ಜಾರಿದಾಗ ಚಿತ್ತಯ್ಯನ ಕಣ್ಣು ಮುಚ್ಚಿಕೊಂಡವು. ಒಂದು ತುತ್ತು ಎಂದದ್ದು ಒಂದು ಮುದ್ದೆಯಾಯಿತು. ರುಚಿಯೇನೋ ಇತ್ತು, ಆದರೆ ಅವ್ವ ಸಿಗಲಿಲ್ಲ. “ಇನ್ನೊಂದು ಹಾಕ್ರಿ” ಎಂದ. ಎರಡನೆಯದರಲ್ಲಿ ಅಡುಗೆಮನೆಯ ಹೊಗೆ ಸಿಕ್ಕಿತು. ಮೂರನೆಯದರಲ್ಲಿ ಬಳೆಯ ಸದ್ದು. ಪಕ್ಕದಲ್ಲಿ ಕೂತವರು ಪಂದ್ಯಕ್ಕಾಗಿ ಉಣ್ಣುತ್ತಿದ್ದರು; ಇವನು ತನ್ನ ಊರಿನ ಕಡೆ ನಡೆಯುತ್ತಿದ್ದ. ಒಬ್ಬೊಬ್ಬರಾಗಿ ಅವರು ತಟ್ಟೆ ಸರಿಸಿ ಎದ್ದದ್ದು, ಕೆಳಗೆ ಜನ ಸೀಟಿ ಹೊಡೆದದ್ದು ಯಾವುದೂ ಅವನಿಗೆ ತಿಳಿಯಲಿಲ್ಲ.

ಕೊನೆಯ ಮುದ್ದೆಯ ನಡುವೆ ನಾಲಿಗೆಗೆ ಏನೋ ತಗುಲಿತು. ಒತ್ತಿದ, ಒಡೆಯಿತು. ಒಳಗೆ ಹಸಿಹಿಟ್ಟು.

“ಅವ್ವಾ, ಗಂಟು!”

ಮೈಕು ಹತ್ತಿರವೇ ಇತ್ತು. ಬಡಿಸುವವಳು ಗಾಬರಿಯಾದಳು. “ತಪ್ಪಾತು ಸಾರ್, ಅವಸರದಾಗೆ ಸರಿಯಾಗಿ ತೊಳಸಿಲ್ಲ.”

“ತಪ್ಪಲ್ಲಮ್ಮ, ತಪ್ಪಲ್ಲ” ಎನ್ನುತ್ತಿದ್ದ ಚಿತ್ತಯ್ಯನ ಕಣ್ಣಿಂದ ನೀರು ಇಳಿಯುತ್ತಿತ್ತು. ಸಾರು ಖಾರವಾಗಿದೆಯೆಂದು ಯಾರೋ ಮಜ್ಜಿಗೆ ತಂದರು.

“ನೋಡ್ರಪ್ಪಾ!” ಎರ್ರಿಸ್ವಾಮಿ ಮೈಕಿನಲ್ಲಿ ಕೂಗಿದ. “ರಕ್ತ ಕೆಟ್ಟೋನು ಹಿಂಗೆ ಉಣ್ತಾನೇನ್ರಿ? ರಿಪೋರ್ಟೇ ಸುಳ್ಳು!”

ಚಪ್ಪಾಳೆ ಮೊಳಗಿತು. ನವಣೆ ಹಿಂದಿರುಗಿಸಲು ಬಂದವರು ಇನ್ನೊಂದು ಪೊಟ್ಟಣ ಕೊಂಡರು. ಮೈಕು ಚಿತ್ತಯ್ಯನ ಕೈಗೆ ಬಂತು. ಅವ್ವನ ಮುದ್ದೆ ಉಂಡ ಬಾಯಲ್ಲಿ ಇನ್ನು ಸುಳ್ಳಾಡಬಾರದು, ಈಗಲೇ ಹೇಳಿಬಿಡಬೇಕು ಎನ್ನಿಸಿತು. ಆದರೆ ಚಪ್ಪಾಳೆ ಹಿತವಾಗಿತ್ತು. ಕೆಳಗೆ ಅನುಸೂಯಳ ಮುಖ ಅರಳಿತ್ತು. ಚಿತ್ತಯ್ಯ ನಿಜವನ್ನು ಮುದ್ದೆಯ ಹಾಗೆಯೇ ಅಗಿಯದೆ ನುಂಗಿದ.

ಗಂಟು ಸಿಕ್ಕಿತಲ್ಲ, ಪುಣ್ಯವಂತ ನಾನು ಎಂದುಕೊಂಡ.

“ಈಗ ಗೆದ್ದವರಿಗೆ ಆಕರ್ಷಕ ಬಹುಮಾನ! ಹಿರಿಯೂರಿನ ಫಜಲುಲ್ಲಾ ಸಾಹೇಬ್ರ ಕೊಡುಗೆ!”

ಪರದೆಯ ಹಿಂದಿನಿಂದ ಫಜಲುಲ್ಲಾ ಬಂದ. ಅವನ ಕೈಯ ಹಗ್ಗದ ತುದಿಯಲ್ಲಿ, ಕೊರಳಿಗೆ ಚೆಂಡುಹೂವಿನ ಹಾರ ಹಾಕಿಕೊಂಡು, ಪೀಪಾಯಿಯಂತೆ ದುಂಡಗಾದ ಟಗರು. ಅದು ಚಿತ್ತಯ್ಯನನ್ನು ನೋಡಿತು. ‘ಬ್ಯಾ’ ಎಂದಿತು. ಹಗ್ಗ ಬಿಡಿಸಿಕೊಂಡು ಬಂದು ಅವನ ಕೈಗಳನ್ನು ಮೂಸಿ, ಬೇಕಾದದ್ದು ಸಿಗದೆ ಸುತ್ತ ನೋಡಿ, ವೇದಿಕೆಯಿಂದ ಕೆಳಗೆ ಹಾರಿತು. ನೇರವಾಗಿ ಅನುಸೂಯಳ ಚೀಲಕ್ಕೆ ಮೂತಿ ಹಾಕಿ ಸ್ಟೀಲ್ ಡಬ್ಬಿಯನ್ನು ಹೊರಗೆಳೆದು, ಮುಚ್ಚಳವನ್ನು ಕೊಂಬಿನಿಂದ ‘ಟಕ್’ ಎನಿಸಿತು.

ಇದೊಂದು ಗುಟ್ಟೆಂದು ಯಾರೂ ಹೇಳಿರದ ಫಜಲುಲ್ಲಾ ಮೈಕು ಹಿಡಿದು ಮನಸಾರೆ ನಕ್ಕ. “ಅಕ್ಕಾರ ಕೈರುಚಿ ಮರೆತಿಲ್ಲ ನೋಡ್ರಿ! ಏಳು ತಿಂಗಳು ಅವರ ನವಣೆ ತಿಂದೇ ಬೆಳೆದೈತೆ ಇದು. ಚಿತ್ತಯ್ಯ ಸಾರ್ ಒಳಗೆ ಚಾಪ್ಸ್ ತಿನ್ನೋರು, ಹಿತ್ತಿಲಾಗೆ ಇದಕ್ಕೆ ಡಬ್ಬಿ ಇಡೋರು. ಅವರ ನವಣೆ, ಅವರ ಟಗರು. ಅವರಿಗೇ ಸೇರಿದ್ದು ಖುಷಿ ಆತು!”

ಟಗರು ಆಗಲೇ ಉಪ್ಪಿಟ್ಟು ಮೆಲ್ಲತೊಡಗಿತ್ತು.

ಅನುಸೂಯ ಕತ್ತೆತ್ತಿ ಕೇಳಿದಳು: “ಏಳು ತಿಂಗಳು ನಾ ಕಟ್ಟಿದ್ದೆಲ್ಲ ಇದೇ ತಿಂತೇನ್ರಿ?”

“ಹ್ಞೂಂ.” ಅವನು ಹೇಳಿದ ಮೊದಲ ನಿಜವಾದ ‘ಹ್ಞೂಂ’ ಅದು.

ಎರ್ರಿಸ್ವಾಮಿ ಒಂದು ಗಳಿಗೆ ಕೆಂಪಗಾದ. ಆದರೆ ಅಧ್ಯಕ್ಷನಾದವನಿಗೆ ಇರಬೇಕಾದ ಬುದ್ಧಿ ಅವನಿಗಿತ್ತು. “ಕೇಳಿದ್ರೇನ್ರಪ್ಪಾ! ನವಣೆ ತಿಂದಿದ್ದು ಟಗರು. ಹೆಂಗೈತೆ ನೋಡ್ರಿ, ಬಂಡೆ! ಬಿಟ್ಟೋನು ಈ ಚಿತ್ತಯ್ಯ, ಮುನ್ನೂರ ಹನ್ನೆರಡು!” ಜನ ಬಿದ್ದು ಬಿದ್ದು ನಕ್ಕರು. ಮಳಿಗೆಗಳ ನವಣೆ ಖಾಲಿಯಾಯಿತು. ಚಿತ್ತಯ್ಯನ ಕೆಲಸ ಉಳಿಯಿತು. ಏಕೆಂದರೆ ಹೊಸ ಫ್ಲೆಕ್ಸಿಗೆ ಅವನ ಫೋಟೋ ಬೇಕಾಗಿತ್ತು. ಎಡಕ್ಕೆ ಅರ್ಧ ಮೀಸೆಯ ಚಿತ್ತಯ್ಯ, ಬಲಕ್ಕೆ ಹಾರ ಹಾಕಿಕೊಂಡ ಟಗರು.

ಹಿಂದಿರುಗುವಾಗ ಜೀಪಿನಲ್ಲಿ ಗಂಡ ಹೆಂಡಿರ ನಡುವೆ ಟಗರು ಕೂತಿತ್ತು. ದಾರಿಯುದ್ದಕ್ಕೂ ಅನುಸೂಯ ಮಾತಾಡಿದ್ದು ಅದರ ಜೊತೆಗೆ ಮಾತ್ರ.

“ಯಾವತ್ತಮ್ಮ ಕೊಯ್ಯದು?” ಜೀಪು ಇಳಿಯುತ್ತಲೇ ಏಕನಾಥಮ್ಮ ಕೇಳಿದಳು.

“ಕೊಯ್ಯದಾ? ಈ ಮನೇಲಿ ನನ್ನ ಅಡಿಗೆನ ಮೆಚ್ಚಿ ಉಂಡಿರೋದು ಇದೊಂದೇ ಅಜ್ಜಿ.”

ಗೋಡೆಯ ಮೇಲೆ ಉಷಾರಾಣಿಯ ತಲೆ ಎದ್ದಿತು. “ಚಿತ್ತಯ್ಯಣ್ಣಾ, ಮಟನ್ ಬಂದ್, ಬೆಣ್ಣೆ ಬಂದ್, ಮೊಟ್ಟೆ ಬಂದ್!”

“ಮುದ್ದೆ?” ಚಿತ್ತಯ್ಯ ಆಸೆಯಿಂದ ಕೇಳಿದ.

“ಇವತ್ತು ಉಂಡಿದ್ದನ್ನ ವಿಡಿಯೋದಾಗೆ ನೋಡಿದೆ. ಸಕ್ಕರೆ ಟೆಸ್ಟ್ ಆಗೋವರೆಗೂ ಅದೂ ಬಂದ್.”

ಅನುಸೂಯ ಒಳಗಿಂದ ನವಣೆ ಉಪ್ಪಿಟ್ಟು ತಂದಳು. ಮೊದಲು ಟಗರಿಗೆ ಬಡಿಸಿದಳು. ಉಳಿದದ್ದನ್ನು ಗಂಡನ ಮುಂದಿಟ್ಟಳು. ಚಿತ್ತಯ್ಯ ಮೆಟ್ಟಿಲ ಮೇಲೆ ಕೂತು ಬಲಗೈಯನ್ನು ಮೂಸಿ ನೋಡಿಕೊಂಡ. ರಾಗಿಯ ವಾಸನೆ ಇನ್ನೂ ಇತ್ತು. ಟಗರು ತನ್ನದನ್ನು ಮುಗಿಸಿ, ಬಂದು ಅವನಿಗೆ ಒರಗಿ ನಿಂತು, ಅವನ ತಟ್ಟೆಯನ್ನು ನೋಡತೊಡಗಿತು.

ಗಂಟು ಸಿಗುತ್ತದೆ ಎಂದಿದ್ದಳು ಅವ್ವ. ಹೀಗೆ ಬಂದು ಗಂಟುಬೀಳುತ್ತದೆ ಎಂದು ಹೇಳಿರಲಿಲ್ಲ.