ಆಲ್ಟರ್ನೇಟರೂ ಶಾಂತಮ್ಮನ ಹಾಜರಿಯೂ

ವಿದ್ಯುತ್ತಿನ ವಿಷಯದಲ್ಲಿ ನನಗೆ ತಿಳಿಯದ್ದು ಏನೂ ಇಲ್ಲವೆಂದು ಹದಿನಾಲ್ಕು ವರ್ಷ ಮಕ್ಕಳನ್ನು ನಂಬಿಸಿದ್ದೆ. ರಾಯಚೂರಿನ ಒಂದು ಹೈಸ್ಕೂಲಿನ ವಿಜ್ಞಾನದ ಮಾಸ್ತರನಾಗಿ ಅದು ನನ್ನ ಕರ್ತವ್ಯವೂ ಆಗಿತ್ತು. ಮಕ್ಕಳು ನಂಬಿದರು. ನಾನೂ ನಂಬಿದೆ. ನಂಬದೇ ಹೋದದ್ದು ನನ್ನ ಕಾರೊಂದೇ.

ಆ ಕಾರು ಯಾವ ಕಾರ್ಖಾನೆಯಿಂದಲೂ ಬಂದದ್ದಲ್ಲ. ಎಪ್ಪತ್ತರ ದಶಕದ ಕೊನೆಯ ಮೂರು ವರ್ಷ ನಮ್ಮ ಮನೆಯ ಹಿತ್ತಲಿನಲ್ಲಿ, ನನ್ನ ಕೈಯಲ್ಲೇ ಹುಟ್ಟಿ ಬೆಳೆದದ್ದು. ಅದರ ಮೈ ನಿಜಾಮರ ಕಾಲದ ಜಹಗೀರದಾರರೊಬ್ಬರ ಮೋಟಾರಿನದು. ಮಾನ್ವಿಯ ಕೊಟ್ಟಿಗೆಯೊಂದರಲ್ಲಿ ನಿಂತಿತ್ತು; ಒಳಗೆ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ಅಡಿಯ ಚೌಕಟ್ಟು ಹರಾಜಿನಲ್ಲಿ ಸಿಕ್ಕ ಜೀಪಿನದು. ಎಂಜಿನ್ನು ಯಾವುದರದೆಂದು ಮಾರಿದವನಿಗೂ ಗೊತ್ತಿರಲಿಲ್ಲ; ಕೇಳುವುದು ಸಭ್ಯತೆಯಲ್ಲವೆಂದು ನಾನೂ ಸುಮ್ಮನಿದ್ದೆ. ಇಷ್ಟೆಲ್ಲ ಹಳೆಯದರ ನಡುವೆ ಒಂದಾದರೂ ಆಧುನಿಕವಾದದ್ದು ಇರಲೆಂದು, ಡೈನಮೋ ಕಿತ್ತು ಆಲ್ಟರ್ನೇಟರ್ ಕೂಡಿಸಿದೆ. ತೆಂಗಿನಕಾಯಿಗಿಂತ ತುಸು ದೊಡ್ಡ ಯಂತ್ರ. ಎಂಜಿನ್ನಿನ ಪಟ್ಟಿಯ ಜೊತೆ ತಾನೂ ತಿರುಗಿ, ಕರೆಂಟು ಹುಟ್ಟಿಸಿ, ಬ್ಯಾಟರಿ ತುಂಬುವುದು ಅದರ ಕೆಲಸ. ಒಂದು ವರ್ಷ ಚಕಾರವೆತ್ತದೆ ತುಂಬಿತು.

ಆಮೇಲೆ ಕಾರ ಹುಣ್ಣಿಮೆ ಬಂತು. ನನ್ನ ಮಾವ ಹನುಮಂತಪ್ಪನವರು ನೀರಮಾನ್ವಿಯವರು. ಎತ್ತುಗಳ ಕೊಂಬಿಗೆ ಹಚ್ಚಿ ಉಳಿದ ಕೆಂಪು, ನೀಲಿ ಬಣ್ಣದ ಎರಡು ಡಬ್ಬಿ ಹಿಡಿದುಕೊಂಡು ಹಬ್ಬದ ದಿನವೇ ರಾಯಚೂರಿಗೆ ಬಂದರು. ನಮ್ಮ ಮನೆಯಲ್ಲಿ ಎತ್ತಿರಲಿಲ್ಲ. ಕಾರಿತ್ತು. ಮಾವ ಅದರ ಸುತ್ತ ಎರಡು ಸಲ ತಿರುಗಿದರು.

"ದುಡಿಯೋದು ಇದ ಅಲ್ಲೇನಪ್ಪ ನಿಮ್ಮನಿಯಾಗ? ಇದಕ್ಕೂ ಹಬ್ಬ ಮಾಡಬೇಕು. ಆದ್ರ ಕೊಂಬ ಎಲ್ಲೈತಿ ಇದಕ್ಕ?"

ಪ್ರಶ್ನೆ ನ್ಯಾಯವಾದದ್ದು. ನಾನು ಬಾನೆಟ್ಟು ಎತ್ತಿ, ಆಲ್ಟರ್ನೇಟರನ್ನು ತೋರಿಸಿ, ಇದರ ಶಕ್ತಿಯೆಲ್ಲ ಇಲ್ಲಿದೆ ಎಂದೆ. ಬಣ್ಣ ಮೂಲೆಮೂಲೆಗೂ ಹತ್ತಲೆಂದು ನಾನೇ ಬೋಲ್ಟು ಬಿಚ್ಚಿ ಅದನ್ನು ಹೊರಗೆ ತೆಗೆದೆ. ಮಾವ ಅದಕ್ಕೆ ಕೆಂಪು ಹಚ್ಚಿದರು. ಅದು ಕೂಡುವ ಕಬ್ಬಿಣದ ಬ್ರಾಕೆಟ್ಟಿಗೆ ನಾನು ಎರಡು ಕೈ ನೀಲಿ ಹಚ್ಚಿದೆ. ಬೋಲ್ಟಿನ ತೂತುಗಳನ್ನೂ ಬಿಡಲಿಲ್ಲ. ಒಣಗಿದ ಮೇಲೆ ಮರಳಿ ಕೂಡಿಸಿ, ಹೋಳಿಗೆ ಉಂಡೆವು.

ಮರುದಿನದಿಂದ ಕಾರಿನ ಮುಂದಿನ ಹಲಗೆಯಲ್ಲಿ ಒಂದು ಸಣ್ಣ ಕೆಂಪು ಬಲ್ಬು ಹೊತ್ತಿಕೊಂಡಿತು. ಬ್ಯಾಟರಿ ತುಂಬುತ್ತಿಲ್ಲ ಎಂದು ಅದರ ಅರ್ಥ. ನಾನು ವೈಜ್ಞಾನಿಕವಾಗಿ ಯೋಚಿಸಿದೆ. ಆಲ್ಟರ್ನೇಟರು ಹೊಸದು, ಬಲ್ಬು ಹಳೆಯದು. ಆದ್ದರಿಂದ ಬಲ್ಬೇ ಸುಳ್ಳು ಹೇಳುತ್ತಿದೆ. ಬಲ್ಬು ಕಿತ್ತೆ. ರೋಗ ವಾಸಿಯಾಯಿತು!

ಅದೇ ವಾರ ನನ್ನ ಹೆಂಡತಿ ಶಾಂತಮ್ಮನಿಗೆ ಸರ್ಕಾರದ ಪತ್ರ ಬಂತು. ಮದುವೆಯಾದ ಮೇಲೆ, ಎರಡು ಮಕ್ಕಳ ನಡುವೆ, ಒಲೆಯ ಮುಂದೆ ಓದಿ ಶಿಕ್ಷಕಿಯ ತರಬೇತಿ ಮುಗಿಸಿದವಳು ಅವಳು. ದೇವದುರ್ಗದ ಒಂದು ಪ್ರಾಥಮಿಕ ಶಾಲೆಗೆ ನೇಮಕವಾಗಿತ್ತು. ಮುಂದಿನ ಗುರುವಾರ ಸಂಜೆ ಐದರೊಳಗೆ ಹಾಜರಾಗಿ ಸಹಿ ಮಾಡಬೇಕು. ತಪ್ಪಿದರೆ ನೇಮಕಾತಿ ರದ್ದು. ಅವಳು ಸೋಮವಾರದ ಮುಂಜಾನೆಯ ಬಸ್ಸಿಗೇ ಹೊರಟು ನಿಂತಳು.

ನಾನು ತಡೆದೆ. ಮನೆಯ ಮುಂದೆ ಕಾರು ನಿಂತಿರುವಾಗ ಒಬ್ಬ ಶಿಕ್ಷಕಿ ತನ್ನ ಮೊದಲ ದಿನಕ್ಕೆ ಬಸ್ಸಿನಲ್ಲಿ ನೂಕಾಡಿಕೊಂಡು ಹೋಗುವುದು ನನ್ನ ಗೌರವಕ್ಕೆ ತಕ್ಕದ್ದಲ್ಲ ಎಂದು ಸಾಕಷ್ಟು ದೀರ್ಘವಾಗಿ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ನಿಮ್ಮ ಕಾರಿನ ಮ್ಯಾಲ ನನಗ ಸಿಟ್ಟಿಲ್ರಿ," ಎಂದಳು. "ನಂಬಿಕಿ ಇಲ್ಲ, ಅಷ್ಟ."

ಆದರೂ ನನ್ನ ಮುಖ ನೋಡಿ ಒಪ್ಪಿದಳು. ನಾನು ಗಂಭೀರವಾಗಿ ಕೂತು ಕೀಲಿ ತಿರುವಿದೆ. ಕಾರು ಒಮ್ಮೆ ಕೆಮ್ಮಿತು. ಮತ್ತೆ ಸುಮ್ಮನಾಯಿತು. ಬ್ಯಾಟರಿಯಲ್ಲಿ ಜೀವವೇ ಇರಲಿಲ್ಲ. ಅಷ್ಟರಲ್ಲಿ ಬಸ್ಸು ಹೋಗಿತ್ತು. ಇನ್ನೂ ಮೂರು ದಿನ ಇದೆಯಲ್ಲ ಎಂದೆ. ಅವಳು ಸರ್ಟಿಫಿಕೇಟುಗಳ ಚೀಲವನ್ನು ಗೋಡೆಯ ಮೊಳೆಗೆ ತೂಗುಹಾಕಿ ಅಡುಗೆಮನೆಗೆ ಹೋದಳು.

ಈಗ ನಾನು ತಪ್ಪಿತಸ್ಥನನ್ನು ಹಿಡಿದೆ: ಆಲ್ಟರ್ನೇಟರ್! ಅದು ಸುಟ್ಟಿದೆ, ಬದಲಿಸಬೇಕು ಎಂದು ತೀರ್ಪು ಕೊಟ್ಟೆ. ಬಿಚ್ಚಿ ನೋಡಿದೆನೆ? ಇಲ್ಲ. ಮೀಟರು ಹಚ್ಚಿದೆನೆ? ಇಲ್ಲ. ಮೀಟರು ಶಾಲೆಯ ಕಪಾಟಿನಲ್ಲಿತ್ತು. ಮಕ್ಕಳು ಕೆಡಿಸಿಯಾರೆಂದು ಅದನ್ನು ಅಲ್ಲಿಟ್ಟು ಬೀಗ ಹಾಕಿದವನು ನಾನೇ.

ಮೂರು ದಿನದ ರಜೆ ಹಾಕಿ ಮಂಗಳವಾರ ಮಾನ್ವಿಗೆ ಹೋದೆ. ಅಲ್ಲಿ ಲಾರಿಗಳ ಕರೆಂಟಿನ ಕೆಲಸ ಮಾಡುವ ಖಾಜಾಸಾಬ್ ಎಂಬ ಮುದುಕ ಮಿಸ್ತ್ರಿ ಇದ್ದ. ಹೋದದ್ದು ಬಸ್ಸಿನಲ್ಲಿ. ಬಸ್ಸು ಹೇಳಿದ ವೇಳೆಗೆ ಹೊರಟಿತು, ಹೇಳಿದ ವೇಳೆಗೆ ಮುಟ್ಟಿತು. ಅದರಿಂದ ನಾನು ಏನನ್ನೂ ಕಲಿಯಲಿಲ್ಲ.

ಖಾಜಾಸಾಬ್ ಮೊದಲು ಹಳೆಯದನ್ನು ಕೇಳಿದ. ತಂದಿಲ್ಲ ಎಂದೆ.

"ಮತ್ತ ಅದು ಕೆಟ್ಟದ ಅಂತ ಯಾರ್ ಹೇಳಿದ್ರು ಮಾಸ್ತರ?"

"ನಾನೇ."

ಅವನು ನನ್ನನ್ನು ಒಂದು ಗಳಿಗೆ ನೋಡಿದ. "ಹಂಗಾದ್ರ ಖರೇ ಇರಬೇಕು ಬಿಡ್ರಿ. ಆದ್ರೂ ಒಂದ್ಸಲ ತಂದ್ರ ನೋಡತಿದ್ದೆ. ಅರ್ಧ ತಾಸಿನ ಕೆಲಸ."

ವಿಜ್ಞಾನದ ಮಾಸ್ತರನ ತೀರ್ಪನ್ನು ಮಿಸ್ತ್ರಿಯೊಬ್ಬ ಮರುಪರಿಶೀಲಿಸುವುದೆ? ಬೇಡವೆಂದೆ. ಅವನು ಲಾರಿಯಿಂದ ಬಿಚ್ಚಿದ ಒಂದು ಒಳ್ಳೆಯ ಆಲ್ಟರ್ನೇಟರನ್ನು ಗೋಣಿತಟ್ಟಿನಲ್ಲಿ ಸುತ್ತಿಕೊಟ್ಟ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು ಬಂದೆ.

ಬುಧವಾರ ಇಡೀ ದಿನ ಕೂಡಿಸಿದೆ. ಅದು ಬಿಗಿಯಾಗಿ ಕೂತದ್ದು ಅದೇ ನೀಲಿ ಬ್ರಾಕೆಟ್ಟಿನ ಮೇಲೆ. ಹೊಸದು ಬೋಳುಬೋಳಾಗಿ ಕಂಡಿತು. ಡಬ್ಬಿಯಲ್ಲಿ ಕೆಂಪು ಇನ್ನೂ ಉಳಿದಿತ್ತು. ಕೂಡಿಸುವ ಮುಂಚೆ ಹಚ್ಚಿದೆ. ಕಿತ್ತ ಬಲ್ಬನ್ನು ಮರಳಿ ಹಾಕಲಿಲ್ಲ. ಹೊಸ ಯಂತ್ರಕ್ಕೆ ಅದು ಅವಮಾನವೆನಿಸಿತು. ಬ್ಯಾಟರಿಯನ್ನು ಅಂಗಡಿಗೆ ಒಯ್ದಾಗ, ಪೂರ್ತಿ ತುಂಬಲು ಒಂದು ದಿನ ಬೇಕೆಂದರು. ಎರಡೇ ತಾಸಿಗೆ ಎತ್ತಿಕೊಂಡು ಬಂದೆ. ಉಳಿದದ್ದನ್ನು ಆಲ್ಟರ್ನೇಟರ್ ತುಂಬಿಕೊಳ್ಳುತ್ತದಲ್ಲ.

ಮಗಳು ಸಹಿ ಮಾಡುವುದನ್ನು ಕಣ್ಣಾರೆ ನೋಡಬೇಕೆಂದು ಮಾವ ಬುಧವಾರ ಸಂಜೆಯೇ ಬಂದಿದ್ದರು. ಗುರುವಾರ ಮುಂಜಾನೆ ಕೀಲಿ ತಿರುವಿದೊಡನೆ ಕಾರು ಗುಡುಗಿತು. ನಾನು ಹೆಂಡತಿಯ ಮುಖ ನೋಡಿದೆ. ಅವಳು ಬಸ್‌ಸ್ಟ್ಯಾಂಡಿನ ದಿಕ್ಕಿಗೆ ನೋಡುತ್ತಿದ್ದಳು.

ಕಲಮಲ ದಾಟುವಾಗ ಜಿನುಗುಮಳೆ ಹಿಡಿಯಿತು. ವೈಪರು ಹಚ್ಚಿದೆ. ಎದುರಿನವರಿಗೆ ಕಾಣಲೆಂದು ದೀಪ ಹಚ್ಚಿದೆ. ದಾರಿಯ ಪ್ರತಿ ಎಮ್ಮೆಗೂ ಹಾರ್ನು ಬಾರಿಸಿದೆ. ಆಲ್ಟರ್ನೇಟರಿದೆ, ಜಿಪುಣತನ ಯಾಕೆ? ಗಬ್ಬೂರು ಇನ್ನೂ ಎರಡು ಮೈಲಿ ಇರುವಾಗ ವೈಪರು ಗಾಜಿನ ನಡುವೆಯೇ ನಿಂತಿತು. ಹಾರ್ನು ಕುರಿಯಂತೆ ಒದರಿ ಸತ್ತಿತು. ಆಮೇಲೆ ಎಂಜಿನ್ನು. ಸುತ್ತ ಕರಿಮಣ್ಣಿನ ಹೊಲ, ಮೇಲೆ ಮೋಡ, ನಡುವೆ ನಾವು ಮೂವರು.

ಹತ್ತು ನಿಮಿಷದಲ್ಲಿ ಹಿಂದಿನಿಂದ ದೇವದುರ್ಗದ ಬಸ್ಸು ಬಂತು. ಕಂಡಕ್ಟರು ತಾನಾಗಿಯೇ ನಿಲ್ಲಿಸಿ, ಬಾಗಿಲಿನಿಂದ ಬಾಗಿ, ಬರುತ್ತೀರೇನು ಎಂದು ಕೇಳಿದ. ಶಾಂತಮ್ಮ ಚೀಲ ಎತ್ತಿಕೊಂಡಳು. ಆಗ ನಾನು ನನ್ನ ಜೀವನದ ಅತ್ಯಂತ ಘನವಾದ ಮಾತನ್ನಾಡಿದೆ: "ಬ್ಯಾಡ್ರಿ, ನೀವ್ ನಡೀರಿ. ಐದು ನಿಮಿಷದ ಕೆಲಸ." ಬಸ್ಸು ಹೋಯಿತು. ಮುಂದಿನದು ಸಂಜೆ ಐದಕ್ಕೆ.

ಐದು ನಿಮಿಷ ನಾಲ್ಕು ತಾಸಾಯಿತು. ಆಲ್ಟರ್ನೇಟರಿನ ಹಿಂದಿನ ಮುಚ್ಚಳ ಬಿಚ್ಚಿ, ಒಳಗಿನದನ್ನೆಲ್ಲ ಟವೆಲ್ಲಿನ ಮೇಲೆ ಸಾಲಾಗಿ ಇಟ್ಟು, ಪ್ರತಿಯೊಂದೂ ಸರಿಯಾಗಿದೆಯೆಂದು ಕಂಡು, ಮತ್ತೆ ಜೋಡಿಸಿದೆ. ಒಂದು ತಿರುಪು ಹೆಚ್ಚಾಗಿ ಉಳಿಯಿತು. ಜೇಬಿಗೆ ಹಾಕಿಕೊಂಡೆ. ಮಾವ ರಸ್ತೆಯಂಚಿನ ಜಾಲಿಯ ಕೆಳಗೆ ಕೂತು ಎಲೆ ಅಡಿಕೆ ಹಾಕಿದರು. ಶಾಂತಮ್ಮ ಕಾರಿನ ಮೆಟ್ಟಿಲಿನ ಮೇಲೆ ಚೀಲ ತಬ್ಬಿಕೊಂಡು ಕೂತಿದ್ದಳು. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಅವಳು ಬೈಯಲಿಲ್ಲ. ಬಹಳ ಹೊತ್ತಿನ ಮೇಲೆ, ನನಗಲ್ಲ, ಹೊಲಕ್ಕೆ ಹೇಳುವಂತೆ ಹೇಳಿದಳು:

"ನಮ್ಮವ್ವ ಸಾಯೋತನಕ ಹೆಬ್ಬಟ್ಟ ಒತ್ತಿದಾಕಿ. ನಾ ಇವತ್ತ ಸಹಿ ಮಾಡಬೇಕಿತ್ತು."

ಕೈಯಲ್ಲಿದ್ದ ಬೋಲ್ಟು ಬಿಚ್ಚುವ ಪಾನಾ ನನಗೆ ಭಾರವಾಯಿತು. ಇಷ್ಟು ದಿನ ನಾನು ದುರಸ್ತಿ ಮಾಡುತ್ತಿದ್ದುದು ಕಾರನ್ನಲ್ಲ, ನನ್ನ ಮಾನವನ್ನು ಎಂದು ಆಗ ಹೊಳೆಯಿತು. ಹೊಳೆಯಲು ಅದು ಒಳ್ಳೆಯ ಸಮಯವಾಗಿರಲಿಲ್ಲ. ಎರಡೂಕಾಲು ಆಗಿತ್ತು.

ಅಷ್ಟರಲ್ಲಿ ಗೊಬ್ಬರದ ಚೀಲ ಹೇರಿಕೊಂಡ ಒಂದು ಟ್ರ್ಯಾಕ್ಟರು ಬಂದು ನಿಂತಿತು. ನಡೆಸುತ್ತಿದ್ದವನು ಬಸಣ್ಣ, ಗಬ್ಬೂರಿನವನು. ಇಳಿದು ಬಾನೆಟ್ಟಿನೊಳಗೆ ಇಣುಕಿ, ನೀಲಿ ಬ್ರಾಕೆಟ್ಟನ್ನು ಉಗುರಿನಿಂದ ಕೆರೆದು ನೋಡಿದ.

"ಇದಕ್ಕ ಬಣ್ಣ ಯಾವಾಗ ಹಚ್ಚಿದ್ರಿ?"

"ಕಾರ ಹುಣ್ಣಿಮಿಗೆ," ಎಂದೆ.

"ಕುಂಡ್ರೋ ಜಾಗಕ್ಕೂ ಹಚ್ಚಿರೇನು?"

"ಎರಡು ಕೈ."

ಅವನು ನಗಲಿಲ್ಲ. ಅದನ್ನು ನಾನು ಇಂದಿಗೂ ಮರೆತಿಲ್ಲ. "ಹೋದ ವರ್ಷ ನಾನೂ ಟ್ರ್ಯಾಕ್ಟರಿಗೆ ಹಂಗ ಮಾಡಿದ್ದೆ ಸರ. ಕಬ್ಬಿಣಕ್ಕ ಕಬ್ಬಿಣ ಹತ್ತಬೇಕು. ನಡುವ ಬಣ್ಣ ಬಂದ್ರ ಕರೆಂಟ್ ಎಲ್ಲಿಂದ ತಿರುಗಿ ಬರಬೇಕು? ಎಲ್ಲಾ ಕೆರದು ಹಾಕ್ರಿ."

ಕರೆಂಟು ಹೋದರೆ ಸಾಲದು, ಮರಳುವ ದಾರಿಯೂ ಬೇಕು, ಸುತ್ತು ಪೂರ್ಣವಾಗಬೇಕು. ಇದು ಎಂಟನೆಯ ತರಗತಿಯ ಪಾಠ. ಬರೆಯದ ಮಕ್ಕಳನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಹಳೆಯ ಆಲ್ಟರ್ನೇಟರಿಗೆ ಏನೂ ಆಗಿರಲಿಲ್ಲ. ಹೊಸದಕ್ಕೂ ಏನೂ ಆಗಿರಲಿಲ್ಲ. ಆದದ್ದೆಲ್ಲ ನನಗೇ.

ಬಣ್ಣ ಕೆರೆದರೂ ಬ್ಯಾಟರಿ ಖಾಲಿ. ಬಸಣ್ಣನಿಗೆ ದೇವದುರ್ಗದಲ್ಲಿ ಗೊಬ್ಬರ ಇಳಿಸುವ ಅವಸರ. ತಿರುಗಿ ಬರುವಾಗ ತನ್ನ ಬ್ಯಾಟರಿಯಿಂದ ಚಾಲೂ ಮಾಡಿಕೊಡುತ್ತೇನೆ, ಈಗ ಬೇಕಾದರೆ ಇಬ್ಬರು ಚಕ್ರದ ಮೇಲಿನ ತಗಡಿನ ಮೇಲೆ ಕೂತು ಬರಬಹುದು ಎಂದ. ಶಾಂತಮ್ಮ ಆಗಲೇ ಒಂದು ಕಡೆ ಹತ್ತಿ ಕೂತಿದ್ದಳು. ಇನ್ನೊಂದು ಕಡೆ ಒಬ್ಬರಿಗೆ ಜಾಗ.

ಮಾವ ನನ್ನ ಬೆನ್ನು ತಟ್ಟಿ, "ನೀ ಹೋಗಪ್ಪ. ಗಂಡ ನೀನು. ಕಾರ ನಾ ಕಾಯತೀನಿ," ಎಂದರು.

ಅವಳು ಸಹಿ ಮಾಡುವುದನ್ನು ನೋಡಬೇಕೆಂದು ನನಗೂ ಆಸೆಯಿತ್ತು. ಆದರೆ ಆ ಆಸೆಯ ಹಕ್ಕು ನಾನು ಸೋಮವಾರವೇ ಕಳೆದುಕೊಂಡಿದ್ದೆ. ಮಾವನವರ ಕೈ ಹಿಡಿದು ಟ್ರ್ಯಾಕ್ಟರಿಗೆ ಹತ್ತಿಸಿದೆ. ಶಾಂತಮ್ಮ ಸೆರಗು ತಲೆಗೆ ಬಿಗಿದುಕೊಂಡು, ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಕಂಬಿ ಹಿಡಿದಳು. ಟ್ರ್ಯಾಕ್ಟರು ಕಣ್ಮರೆಯಾಗುವವರೆಗೆ ನೋಡಿದೆ. ಆಮೇಲೆ ಚಾಕು ತೆಗೆದು ನೀಲಿ ಕೆರೆಯಲು ಕೂತೆ. ದಾರಿಹೋಕರು ಬಹಳ ಜನ ಬಂದರು. ಎಲ್ಲರೂ ಏನಾಗಿದೆಯೆಂದು ಕೇಳಿದರು. ಎಲ್ಲರಿಗೂ ಹೇಳಿದೆ.

ಐದೂಕಾಲಿಗೆ ಗೊಬ್ಬರ ಇಳಿಸಿ ಬಸಣ್ಣ ಮರಳಿ ಬಂದ. ಅವರಿಬ್ಬರನ್ನೂ ಮೂರೂವರೆಗೇ ಶಾಲೆಯ ಮುಂದೆ ಇಳಿಸಿದ್ದನಂತೆ. ಅವನ ಬ್ಯಾಟರಿಗೆ ತಂತಿ ಹಚ್ಚಿದೊಡನೆ ಕಾರು ಎದ್ದಿತು. ಅವನು ಕಿತ್ತ ಬಲ್ಬನ್ನು ಮರಳಿ ಹಾಕಿಸಿದ. ಒಮ್ಮೆ ಮಿನುಗಿ ಆರಿತು. ಆರಿತು ಎಂದರೆ ಎಲ್ಲ ಸರಿಯಿದೆ ಎಂದರ್ಥ.

ದೇವದುರ್ಗ ಮುಟ್ಟಿದಾಗ ಆರೂಕಾಲು. ಶಾಲೆಯ ಗೇಟಿನಲ್ಲಿ ಇಬ್ಬರೂ ನಿಂತಿದ್ದರು. ಶಾಂತಮ್ಮನ ಬೆರಳಿಗೆ ಮಸಿ ಹತ್ತಿತ್ತು. ಅವಳು ಅದನ್ನು ಒರೆಸಿಕೊಂಡಿರಲಿಲ್ಲ. ಹೆಡ್‌ಮಾಸ್ತರರು ಗಂಡ ಏನು ಮಾಡುತ್ತಾರೆಂದು ಕೇಳಿದರಂತೆ, ವಿಜ್ಞಾನದ ಮಾಸ್ತರೆಂದು ತಿಳಿದು ಸಂತೋಷಪಟ್ಟು, ಅವರು ಯಾಕೆ ಬರಲಿಲ್ಲ ಎಂದರಂತೆ.

"ನೀ ಏನಂದಿ?" ಎಂದೆ.

"ದಾರ್ಯಾಗ ಕಲಿಯಾಕತ್ತಾರ, ಸಂಜಿಗೆ ಬರ್ತಾರ ಅಂದೆ."

ರಾಯಚೂರಿನ ಬಸ್ಸು ನಿಂತಿತ್ತು. ಅವರಿಬ್ಬರೂ ಅದನ್ನೇ ಹತ್ತಿದರು. ನಾನು ಒತ್ತಾಯ ಮಾಡಲಿಲ್ಲ. ಕಾರಿನಲ್ಲಿ ಒಬ್ಬನೇ, ಬಸ್ಸು ಎರಚಿದ ಕೆಸರನ್ನು ವೈಪರಿನಿಂದ ಒರೆಸಿಕೊಳ್ಳುತ್ತ, ಅದರ ಹಿಂದೆಯೇ ಹೊರಟೆ. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತ ಮಾವ ಪ್ರತಿ ತಿರುವಿನಲ್ಲೂ ಕುತ್ತಿಗೆ ಹೊರಳಿಸಿ, ನಾನು ಬರುತ್ತಿದ್ದೇನೆಯೇ ಎಂದು ಗಾಜಿನಿಂದ ನೋಡುತ್ತಿದ್ದರು. ಸಣ್ಣಂದಿನಲ್ಲಿ ಹನ್ನೆರಡು ವರ್ಷ ಕುರಿ ಕಾಯ್ದವರು. ಮಂದೆಯಲ್ಲಿ ಯಾವುದು ಹಿಂದೆ ಬೀಳುತ್ತದೆಂದು ಅವರಿಗೆ ಗೊತ್ತು.