ಟ್ರೇಲರ್ ಹಿಂದೆ ಕಟ್ಟಿದ ಲಿನಕ್ಸ್ ಸಿಡಿಗಳ ಕುರಿತು

ಪುರಾತನ ಸಿಡಿ ಸಂರಕ್ಷಣಾ ಇಲಾಖೆ
ಪ್ರಧಾನ ಕಚೇರಿ: ಅಡುಗೆಮನೆಯ ಮೇಲಿನ ಅಟ್ಟ, ಬನಹಟ್ಟಿ

ಸಂಖ್ಯೆ: ಪುಸಿಸಂ/ಅಟ್ಟ/ಲಿನಕ್ಸ್/07/2011-12
ದಿನಾಂಕ: 05-12-2011

ಸುತ್ತೋಲೆ

ವಿಷಯ: ಹಳೆಯ ಲಿನಕ್ಸ್ ಸಿಡಿಗಳನ್ನು ಸಂರಕ್ಷಿಸುವ ಬಗ್ಗೆ ಹಾಗೂ ಸಂರಕ್ಷಿಸಲಾಗದೆ ಹೋದ ಬಗ್ಗೆ.

ಉಲ್ಲೇಖ: 1) ಇದೇ ಇಲಾಖೆಯ ಹಿಂದಿನ ಆರು ಸುತ್ತೋಲೆಗಳು (ಯಾರೂ ಓದಿರುವುದಿಲ್ಲ).
2) ಶ್ರೀಮತಿ ಉಜ್ವಲಾ ಇವರ ಮೌಖಿಕ ಆಕ್ಷೇಪಣೆ.

ಪ್ರಸ್ತಾವನೆ:

ಈ ಇಲಾಖೆಯ ಮುಖ್ಯಸ್ಥರೂ ಏಕೈಕ ನೌಕರರೂ ಆದ ಶ್ರೀ ಸುಪಾರ್ಶ್ವ ಇವರು 1998ರಲ್ಲಿ ರಬಕವಿಯಲ್ಲಿ ಕಂಪ್ಯೂಟರ್ ಕ್ಲಾಸ್ ತೆರೆದು, ಮುಂದಿನ ಹತ್ತು ವರ್ಷದಲ್ಲಿ ಬನಹಟ್ಟಿಯ ಪ್ರತಿ ಮಗ್ಗದ ಮನೆಯಲ್ಲೂ ಲಿನಕ್ಸ್ ಓಡುತ್ತದೆ ಎಂದು ಉದ್ಘಾಟನಾ ಭಾಷಣದಲ್ಲಿ ಘೋಷಿಸಿದ್ದರು. ಲಿನಕ್ಸ್ ಎಂದರೆ ಕಂಪ್ಯೂಟರ್ ನಡೆಸಲು ಬೇಕಾದ, ಪುಕ್ಕಟೆ ಸಿಗುವ ಸಾಫ್ಟ್‌ವೇರ್ ಎಂದು ಅಂದೇ ವಿವರಿಸಲಾಗಿತ್ತು. ಬಂದವರು ಟೈಪಿಂಗ್ ಕಲಿತು ಹೋದರು. ಫೋನ್ ತಂತಿಯ ಇಂಟರ್ನೆಟ್‌ನಲ್ಲಿ ಅಷ್ಟು ದೊಡ್ಡದನ್ನು ಇಳಿಸಿಕೊಳ್ಳುವುದು ಆಗದ ಮಾತಾದ್ದರಿಂದ, ಮಾಸಪತ್ರಿಕೆಗಳ ಜೊತೆ ಬಂದವನ್ನೂ ಹುಬ್ಬಳ್ಳಿಯ ಗೆಳೆಯರು ಕೊಟ್ಟವನ್ನೂ ಸೇರಿಸಿ ಸಿಡಿಗಳನ್ನು ಕೂಡಿಸಲಾಗಿತ್ತು. ಕ್ಲಾಸ್ ಮುಚ್ಚಿದಾಗ ಅವೆಲ್ಲವನ್ನೂ ಅಟ್ಟಕ್ಕೆ ವರ್ಗಾಯಿಸಲಾಯಿತು. ಅವುಗಳ ಹಿಂದೆಯೇ ಅಧಿಕಾರಿಯೂ ಏಣಿ ಹತ್ತಿದ್ದರಿಂದ ಈ ಇಲಾಖೆ ಅಸ್ತಿತ್ವಕ್ಕೆ ಬಂದಿತು.

ಇತ್ತೀಚಿನ ಘಟನಾವಳಿಗಳ ಹಿನ್ನೆಲೆಯಲ್ಲಿ ಮನೆಯ ಸಮಸ್ತ ಸಿಬ್ಬಂದಿಗೆ ಈ ಮೂಲಕ ಸೂಚಿಸುವುದೇನೆಂದರೆ:

1. ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಅಧಿಕಾರಿಯ ಪತ್ನಿ ಶ್ರೀಮತಿ ಉಜ್ವಲಾ ಇವರಿಗೆ ಅಟ್ಟದಲ್ಲಿ 'ಪೊಟ್ಯಾಟೊ' ಎಂದು ಬರೆದ ರಟ್ಟಿನ ಡಬ್ಬಿಯೊಂದು ಸಿಕ್ಕಿರುತ್ತದೆ. ಅದು 2000ದಲ್ಲಿ ಬಂದ ಡೆಬಿಯನ್ ಲಿನಕ್ಸ್‌ನ ಹೆಸರೆಂದು ಏಣಿಯ ಬುಡದಲ್ಲಿ ನಿಂತು ವಿವರಣೆ ನೀಡಲಾಯಿತು. ಜೈನರ ಈ ಮನೆಯಲ್ಲಿ ನೆಲದೊಳಗೆ ಬೆಳೆದದ್ದು ಒಲೆ ಹತ್ತುವುದಿಲ್ಲವಾದ್ದರಿಂದ, ಸದರಿಯವರು "ಮನಿಯಾಗ ಆಲೂಗಡ್ಡಿನ ಒಳಗ ಬಿಡೂದಿಲ್ಲ, ಅದರ ಹೆಸರಿನ ಡಬ್ಬಿ ಯಾಕ ಇಟ್ಟೀರಿ?" ಎಂದು ಆಕ್ಷೇಪಿಸಿದರು. ಆದಕಾರಣ, ಗಡ್ಡೆಗೆಣಸಿನ ಹೆಸರುಳ್ಳ ಯಾವುದೇ ವಸ್ತುವನ್ನು, ಅದು ತಿನ್ನುವಂಥದ್ದೋ ಅಲ್ಲವೋ ಎಂದು ಖಚಿತವಾಗುವವರೆಗೆ ಮನೆಯಿಂದ ಹೊರಹಾಕತಕ್ಕದ್ದಲ್ಲ.

2. ಅಧಿಕಾರಿ ಮಧ್ಯಾಹ್ನದ ನಿದ್ರೆಯಲ್ಲಿದ್ದಾಗ, ಈ ಮನೆಯ ಕಬ್ಬು ಸಾಗಿಸುವ ಹಿಪ್ಪರಗಿಯ ಶ್ರೀ ಮಾಳು ಇವರು ಬಂದು, "ಅಕ್ಕಾರ, ಹಳೇ ಸಿಡಿ ಇದ್ರ ಕೊಡ್ರಿ, ಟ್ರೇಲರ್ ಹಿಂದ ಕಟ್ತೀನಿ" ಎಂದು ಕೇಳಿರುತ್ತಾರೆ. "ಡಬ್ಬಿ ಸಮೇತ ಒಯ್ಯೋ ಮಾರಾಯಾ" ಎಂದು ಮಂಜೂರಾತಿ ದೊರೆತಿರುತ್ತದೆ. ಇನ್ನು ಮುಂದೆ ಸಿಡಿ ಕೊಡುವ ಮೊದಲು ತ್ರಿಪ್ರತಿಯಲ್ಲಿ ಅನುಮತಿ ಪಡೆಯತಕ್ಕದ್ದು. ಕಾರ್ಬನ್ ಹಾಳೆ ಅಟ್ಟದಲ್ಲಿದೆ. ಅಟ್ಟ ಹತ್ತಲು ಪ್ರತ್ಯೇಕ ಅನುಮತಿ ಬೇಕು.

3. ವಿಷಯ ತಿಳಿದ ತಕ್ಷಣ ಅಧಿಕಾರಿಯು ತಂತಿ ಕತ್ತರಿಸುವ ಪಕ್ಕಡ ಜೇಬಿಗಿಳಿಸಿ, ಬೈಕಿನ ಮೇಲೆ ಸಕ್ಕರೆ ಕಾರ್ಖಾನೆಗೆ ಧಾವಿಸಿರುತ್ತಾರೆ. ಅಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ರಸ್ತೆಯವರೆಗೂ ನಿಂತಿತ್ತು. ಪ್ರತಿ ಟ್ರೇಲರ್ ಹಿಂದೆಯೂ ಸಿಡಿಗಳು ತೂಗಾಡುತ್ತಿದ್ದವು. ಅಧಿಕಾರಿಯು ಕನ್ನಡಕ ಏರಿಸಿಕೊಂಡು ಒಂದೊಂದರ ಹಿಂದೆಯೂ ಬಗ್ಗಿ ಪರಿಶೀಲಿಸಲಾಗಿ, ಭಜನಿ ಪದ, ಡೊಳ್ಳಿನ ಪದ, ಯಾರದೋ ಮದುವೆ ಎರಡನೇ ಭಾಗ ಕಂಡುಬಂದವು. ಚಾಲಕರು ಇವರನ್ನು ಆರ್‌ಟಿಓ ಕಡೆಯವರೆಂದು ತಿಳಿದರು. ಒಬ್ಬರು "ಸಾಹೇಬ್ರ, ಕಾಗದಪತ್ರ ಎಲ್ಲಾ ಅದಾವ್ರಿ, ಮೊದಲ ಚಾ ಕುಡೀರಿ" ಎಂದು ಕೋರಿದರು. ಇಲಾಖೆಗೆ ಸ್ಥಾಪನೆಯಾದಂದಿನಿಂದ ದೊರೆತ ಮೊದಲ ಗೌರವ ಇದಾದ್ದರಿಂದ ನಿರಾಕರಿಸಲಾಗಲಿಲ್ಲ. ಮುಂದಿನ ತಪಾಸಣೆಗಳಲ್ಲಿ ಸಿಬ್ಬಂದಿಯು ಒಂದು ಕಪ್‌ಗಿಂತ ಹೆಚ್ಚು ಚಹಾ ಕುಡಿಯತಕ್ಕದ್ದಲ್ಲ. ಆರ್‌ಟಿಓ ಅಲ್ಲವೆಂಬುದನ್ನು ಚಹಾ ಕುಡಿದ ನಂತರವಾದರೂ ತಿಳಿಸತಕ್ಕದ್ದು.

4. ಸಾಲಿನ ಕೊನೆಯ ಟ್ರೇಲರ್ ಶ್ರೀ ಮಾಳು ಅವರದಾಗಿತ್ತು. ರೆಡ್‌ಹ್ಯಾಟ್, ಸ್ಲಾಕ್‌ವೇರ್ ಎಂಬ ಬೇರೆ ಲಿನಕ್ಸ್‌ಗಳು ಹಾಗೂ ಪೊಟ್ಯಾಟೊದ ಇಡೀ ಸಂಪುಟ ಅದರ ಬೆನ್ನಿಗೆ ತಂತಿಯಿಂದ ಬಿಗಿಯಲ್ಪಟ್ಟಿದ್ದವು. ಅಧಿಕಾರಿಯು ನಾಲ್ಕನ್ನು ಕತ್ತರಿಸಿ ಜೇಬಿಗೆ ಹಾಕುವಷ್ಟರಲ್ಲಿ ಮಾಳು ಅವರು ಟ್ರ್ಯಾಕ್ಟರ್ ನೆರಳಿನಿಂದ ಎದ್ದು ಬಂದರು.

"ಸರ, ಏನ್ ಮಾಡಾಕತ್ತೀರಿ?"

"ಮಾಳೂ, ಇವು ಸಾದಾ ಸಿಡಿ ಅಲ್ಲೋ. ಇವು ಮತ್ತ ಸಿಗೂದಿಲ್ಲ."

"ಒಯ್ರಿ ಸರ, ನಿಮ್ಮವು. ಆದರ ಹೊತ್ತು ಮುಣಗೂದ್ರಾಗ ನಾ ಬ್ಯಾರೆ ಏನರ ಕಟ್ಟಬೇಕ್ರಿ." ಮಾಳು ಅವರು ಕತ್ತರಿಸಿದ ತಂತಿಯ ತುಂಡನ್ನು ಎತ್ತಿಕೊಂಡರು. "ನಮ್ಮ ತಮ್ಮ ಶಿವಪುತ್ರ ಹೋದ ವರ್ಷ ಇಂಥಾ ಟ್ರೇಲರಿಗೇ ಹೋಗಿ ಬಡದಾನ್ರಿ. ಸಂಜೀಕ ಡೈರಿಗೆ ಹಾಲ ಹಾಕಿ ಬೈಕಿನ ಮ್ಯಾಲ ಬರಾಕತ್ತಿದ್ದ. ಯಾರದೋ ಗಾಲಿ ಪಂಚರ್ ಆಗಿ ಹಾದ್ಯಾಗ ನಿಂತಿತ್ತು. ಹಿಂದ ಮಿಣಕ್ ಅನ್ನೂದು ಒಂದೂ ಇರಲಿಲ್ರಿ. ಅವ್ವ ಇನ್ನೂ ಆ ಹಾದೀಲೆ ಅಡ್ಡಾಡೂದಿಲ್ಲ."

ಶಿವಪುತ್ರ ತೀರಿಕೊಂಡ ಸುದ್ದಿ ಈ ಅಧಿಕಾರಿಗೆ ತಿಳಿದಿರಲಿಲ್ಲ. ಆ ವರ್ಷವೂ ಅಧಿಕಾರಿಯ ಕಬ್ಬು ಮಾಳು ಅವರ ಟ್ರೇಲರಿನಲ್ಲೇ ಹೋಗಿತ್ತು. ತೂಕದ ಚೀಟಿ ಮಾತ್ರ ಕೇಳಿ ಪಡೆಯಲಾಗಿತ್ತು.

5. ಅಧಿಕಾರಿಯು ಪಕ್ಕಡವನ್ನು ಮರಳಿ ಜೇಬಿಗೆ ಹಾಕಿಕೊಂಡಿರುತ್ತಾರೆ. ಆಮೇಲೆ, ಉಳಿದ ಸಿಡಿಗಳಲ್ಲಿ ಕೆಲವನ್ನು ಹೆಸರು ಅಚ್ಚಾದ ಬದಿ ಹೊರಗೆ ಬರುವಂತೆ ಕಟ್ಟಿರುವುದು ಅವರ ಗಮನಕ್ಕೆ ಬಂದಿತು.

"ಉಲ್ಟಾ ಕಟ್ಟೀಯಲ್ಲೋ ಮಾಳೂ. ಬೆಳಕ ಬಿದ್ದರ ಈ ಮಗ್ಗಲಾ ಹೊಳಿಯೂದಿಲ್ಲ. ತಿರುವಿ ಕಟ್ಟು."

ಕಂಪ್ಯೂಟರ್ ಸಿಡಿಯನ್ನು ಓದುವುದು ಆ ಹೊಳೆಯುವ ಬದಿಯಿಂದಲೇ. ಕಬ್ಬಿನ ಒಣ ಎಲೆಯಾದ ರವದಿ ಉಜ್ಜಿ, ಧೂಳು ಕುಳಿತು, ಒಂದು ಹಂಗಾಮು ಮುಗಿಯುವಷ್ಟರಲ್ಲಿ ಅದರಿಂದ ಒಂದಕ್ಷರವೂ ಹೊರಡುವುದಿಲ್ಲ. ಇದು ಆ ಸಾಲಿನಲ್ಲಿ ಅಧಿಕಾರಿಗೊಬ್ಬರಿಗೇ ಗೊತ್ತಿತ್ತು. ಅವರು ಜೇಬಿನಲ್ಲಿದ್ದ ನಾಲ್ಕನ್ನೂ ಹೊರತೆಗೆದರು. ಇಬ್ಬರೂ ಕೂಡಿ ಎಲ್ಲವನ್ನೂ ಹೊಳೆಯುವ ಬದಿ ಹೊರಗೆ ಬರುವಂತೆ ಕಟ್ಟಿದರು.

"ಇದರಾಗ ಏನಿತ್ರಿ ಸರ?" ಎಂದು ಮಾಳು ವಿಚಾರಿಸಿದರು.

"ಏನೋ ಒಂದು ಸಾಫ್ಟ್‌ವೇರ್. ನೀ ಬಿಗಿ ಕಟ್ಟು."

6. ಮೇಲಿನ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ ಆದೇಶಿಸಲಾಗಿದೆ:

ಅ) ಸದರಿ ಸಿಡಿಗಳನ್ನು ಹಂಗಾಮು ಮುಗಿಯುವವರೆಗೆ ಟ್ರೇಲರಿಗೆ ನಿಯೋಜನೆಯ ಮೇಲೆ ಕಳುಹಿಸಲಾಗಿದೆ ಎಂದು ಭಾವಿಸತಕ್ಕದ್ದು. ಗಳಿಕೆ ರಜೆ ಇರುವುದಿಲ್ಲ.

ಆ) ಕತ್ತಲಾಗುವ ಮೊದಲು ಅವುಗಳನ್ನು ಮೆತ್ತನೆಯ ಅರಿವೆಯಿಂದ, ನಡುವಿನಿಂದ ಅಂಚಿನ ಕಡೆಗೆ ಒರೆಸತಕ್ಕದ್ದು. ಉಗುಳು ಬಳಸತಕ್ಕದ್ದಲ್ಲ.

ಇ) ಅಟ್ಟದಲ್ಲಿ ಉಳಿದಿರುವ ಸಿಡಿಗಳನ್ನು ಕೇಳಿದ ಯಾವುದೇ ಟ್ರ್ಯಾಕ್ಟರ್ ಚಾಲಕರಿಗೆ ಶ್ರೀಮತಿ ಉಜ್ವಲಾ ಇವರು ತಡಮಾಡದೆ ಕೊಡತಕ್ಕದ್ದು. ಅಧಿಕಾರಿಯನ್ನು ನಿದ್ರೆಯಿಂದ ಎಬ್ಬಿಸುವ ಅಗತ್ಯವಿಲ್ಲ. ಕಲಂ 2ರ ಷರತ್ತು ರದ್ದಾಗಿದೆ.

ಈ) ಲಿನಕ್ಸ್‌ನ ಚರಿತ್ರೆ ಬರೆಯುವವರು ಯಾರಾದರೂ ಇತ್ತ ಬಂದಲ್ಲಿ, ಅವರನ್ನು ಸಂಜೆ ಹಿಪ್ಪರಗಿ ರಸ್ತೆಗೆ ಕಳುಹಿಸತಕ್ಕದ್ದು. ಬೈಕಿನ ಬೆಳಕು ಬಿದ್ದಾಗ ಸಂಗ್ರಹ ದೂರದಿಂದಲೇ ಕಾಣುತ್ತದೆ. ಹತ್ತಿರ ಹೋಗತಕ್ಕದ್ದಲ್ಲ.

ಸಹಿ/-
(ಸುಪಾರ್ಶ್ವ)
ಸ್ವಯಂನೇಮಿತ ಸಂರಕ್ಷಣಾಧಿಕಾರಿ
ಸಂರಕ್ಷಿಸಲು ಸದ್ಯಕ್ಕೆ ಏನೂ ಇರುವುದಿಲ್ಲ

ಪ್ರತಿಗಳು:
1. ಶ್ರೀಮತಿ ಉಜ್ವಲಾ: ಮಾಹಿತಿಗಾಗಿ. ಫ್ರಿಜ್ ಬಾಗಿಲಿಗೆ ಅಂಟಿಸಿದೆ.
2. ಅಟ್ಟದ ಇಲಿಗಳು: ಡಬ್ಬಿ ಹೋಗಿ ಖಾಲಿಯಾದ ಜಾಗದ ಬಗ್ಗೆ ಸೂಕ್ತ ಕ್ರಮಕ್ಕಾಗಿ.
3. ಶ್ರೀ ಮಾಳು: ಟ್ರ್ಯಾಕ್ಟರಿನ ಟೂಲ್ ಬಾಕ್ಸ್‌ನಲ್ಲಿಡಲು, ಕೈಗೆ ಗ್ರೀಸ್ ಹತ್ತಿದಾಗ ಬಳಸಬಹುದು.
4. ಶ್ರೀಮತಿ ಸತ್ಯವ್ವ, ಶಿವಪುತ್ರನ ತಾಯಿ, ಹಿಪ್ಪರಗಿ: ಪ್ರತಿ ಕಳುಹಿಸಿಲ್ಲ. ಅಧಿಕಾರಿಯೂ ಪತ್ನಿಯೂ ಖುದ್ದಾಗಿ ಹೋಗಿ, ಕುಳಿತು ಬಂದಿರುತ್ತಾರೆ.