ಮೂರನೆಯ ಮಹಡಿಯ ಎತ್ತು

ಕಾಲುಬಾಯಿ ರೋಗವಿರುವ ವಲಯದ ದನದ ಮಾಂಸವನ್ನು ಹೊರದೇಶಕ್ಕೆ ಕಳುಹಿಸತಕ್ಕದ್ದಲ್ಲ ಎಂಬುದು ನಿಯಮ. ಮಾಂಸ ರಫ್ತು ಇಲಾಖೆಯವರಿಗೆ ನಿಯಮದ ಮೇಲೆ ಅಪಾರ ಗೌರವ. ಆದ್ದರಿಂದ ಅವರು ವಲಯವನ್ನು ಮಾತ್ರ ಸರಿಸಿದರು.

ಮೊದಲು ರೋಗ ಬಂದದ್ದು ಹೊಳೆಯ ಪೂರ್ವಕ್ಕೆ. ಪಶ್ಚಿಮವನ್ನು ರೋಗಮುಕ್ತವೆಂದು ಘೋಷಿಸಲಾಯಿತು. ಪ್ರಕಟಣೆ ರೋಗಕ್ಕೆ ತಲುಪಿರಲಿಲ್ಲವೆಂದು ತೋರುತ್ತದೆ, ಅದು ಹೊಳೆ ದಾಟಿತು. ಗಡಿಯನ್ನು ಹೆದ್ದಾರಿಗೆ ತಂದರು, ಆಮೇಲೆ ರೈಲುಹಳಿಗೆ, ಆಮೇಲೆ ಇಲಾಖೆಯ ಕಾಂಪೌಂಡಿಗೆ. ಕಾವಲುಗಾರನ ಹಸು ಜೊಲ್ಲು ಸುರಿಸತೊಡಗಿದ ದಿನ, ಕಟ್ಟಡದ ಮೂರನೆಯ ಮಹಡಿಯಷ್ಟೇ ರೋಗಮುಕ್ತ ವಲಯವಾಗಿ ಉಳಿಯಿತು.

ವಲಯದಲ್ಲಿ ದನವೇ ಇಲ್ಲವಲ್ಲ ಎಂದು ಕೊಳ್ಳುವ ದೇಶ ತಕರಾರು ತೆಗೆಯಿತು. ನ್ಯಾಯವಾದ ತಕರಾರು. ಸರಕಿನ ಲಿಫ್ಟಿನಲ್ಲಿ ಒಂದು ಎತ್ತನ್ನು ಮೇಲೇರಿಸಿ ಸಭಾಂಗಣದಲ್ಲಿ ಕಟ್ಟಲಾಯಿತು. ಬಂದರಿನಲ್ಲಿ ಕಾದಿದ್ದ ಹಡಗಿನ ತುಂಬ ಮಾಂಸ ಈ ಎತ್ತಿನದೇ ಎಂದು ದಾಖಲಾಯಿತು. ಎತ್ತು ಇನ್ನೂ ಬದುಕಿರುವುದನ್ನು ಮಾಂಸದ ತಾಜಾತನಕ್ಕೆ ಪುರಾವೆಯೆಂದು ಟಿಪ್ಪಣಿಯಲ್ಲಿ ಸೇರಿಸಿದರು.

ಇಲಾಖೆಯ ಪಶುವೈದ್ಯರ ಸಹಿಯೊಂದು ಬಾಕಿ. ಕೊಳ್ಳುವ ದೇಶದಲ್ಲಿ ಈ ರೋಗವನ್ನು ಕಂಡವರಿಲ್ಲ; ಅಲ್ಲಿನ ದನಗಳಿಗೂ ಇದಕ್ಕೂ ನಡುವೆ ಇದ್ದದ್ದು ಆ ಸಹಿಯೊಂದೇ. ವೈದ್ಯರಿಗೆ ಅದು ಗೊತ್ತಿತ್ತು. ಸಹಿ ಹಾಕದವರ ಗತಿಯೂ ಗೊತ್ತಿತ್ತು, ಏಕೆಂದರೆ ಅವರಿಗಿಂತ ಮುಂಚಿನ ವೈದ್ಯರು ಈಗ ಮನೆಯಲ್ಲಿ ಕೂತಿದ್ದರು. ಸಾಲದ್ದಕ್ಕೆ ಇಲಾಖೆಯ ನಿರ್ದೇಶಕರು ಈ ವೈದ್ಯರ ಹೆಂಡತಿಯ ತಮ್ಮ.

“ಭಾವ, ಸುಮ್ನೆ ಒಂದು ಗೀಟು ಎಳೀರಿ. ಅಕ್ಕನ ಮುಖ ನೋಡಾದ್ರೂ.”

“ನಿಮ್ಮಕ್ಕನ ಮುಖ ದಿನಾ ನೋಡ್ತೀನಪ್ಪ. ಈಗ ಎತ್ತಿನ ಮುಖ ನೋಡ್ಬೇಕು.”

ಎತ್ತಿನ ಬಾಯಿ ಬಿಡಿಸಿದರು. ನಾಲಿಗೆಯ ತುಂಬ ಬೊಬ್ಬೆ.

“ಏನಿದು?”

“ಮೀಟಿಂಗಿನ ಕಾಫಿ ವಿಪರೀತ ಬಿಸಿ ಇತ್ತು ಸಾರ್,” ಎಂದರು ಉಪನಿರ್ದೇಶಕರು. “ವಲಯದ ಪ್ರತಿನಿಧಿ ಅಲ್ವಾ, ಅದಕ್ಕೂ ಒಂದು ಲೋಟ ಕೊಟ್ವಿ.”

“ಗೊರಸಿನ ಸಂದೀಲೂ ಇದೆಯಲ್ರೀ?”

“ಚೆಲ್ಕೊಳ್ತು ಸಾರ್.”

ಸಭೆ ಈ ವಿವರಣೆಯನ್ನು ಸರ್ವಾನುಮತದಿಂದ ಅಂಗೀಕರಿಸಿತು. ಇನ್ನು ಮುಂದೆ ವಲಯದೊಳಗೆ ಕಾಫಿಯನ್ನು ಆರಿಸಿಯೇ ಕೊಡತಕ್ಕದ್ದೆಂದು ಸುತ್ತೋಲೆಯೂ ಹೊರಟಿತು.

ನಿರ್ದೇಶಕರು ಪೆನ್ನು ಚಾಚಿದರು. “ಹಾಕಲ್ಲ ಅಂದ್ರೆ ನಾಳೆಯಿಂದ ನೀವು ಬರೋದು ಬೇಡ ಭಾವ. ಅಕ್ಕನಿಗೆ ನಾನೇ ಹೇಳ್ತೀನಿ.”

“ಹೇಳು. ಎತ್ತು ಕಾಫಿ ಕುಡಿದಿದ್ದನ್ನೂ ಮರೀದೆ ಹೇಳು.”

ವೈದ್ಯರು ಪೆನ್ನಿಗೆ ಮುಚ್ಚಳ ಹಾಕಿ ಭಾವಮೈದುನನ ಜೇಬಿಗೇ ಸಿಕ್ಕಿಸಿದರು. ಬಾಗಿಲಲ್ಲಿ ಔಷಧದ ನೀರು ತುಂಬಿದ ತಟ್ಟೆ ಇತ್ತು. ಹೊರಗಿನ ರೋಗ ಒಳಗೆ ಬಾರದಂತೆ ಒಳಬರುವವರು ಅದರಲ್ಲಿ ಬೂಟು ಅದ್ದಬೇಕು. ಹೊರಹೋಗುವವರಿಗೆ ಅಂಥ ಕಟ್ಟಳೆಯಿಲ್ಲ. ವೈದ್ಯರು ಹೊರಹೋಗುವಾಗ ಅಲ್ಲಿ ನಿಂತು, ಎರಡೂ ಬೂಟುಗಳನ್ನು ಅದ್ದಿ, ಅಡಿಯನ್ನೂ ಬಿಡದೆ ತಿಕ್ಕಿ ತೊಳೆದು, ಮೆಟ್ಟಿಲಿಳಿದರು.